ಫಿಂಜಾನ್ ಒಡೆದದ್ದು ನಮ್ಮ ಬಳೆಯಲ್ಲ

ನೀವು ದಿನಾ ಚಹಾ ಕುಡಿಯುವ ಕಪ್ಪಿನ ಬುಡವನ್ನು ಎಂದಾದರೂ ತಿರುಗಿಸಿ ನೋಡಿದ್ದೀರಾ? ಇಲ್ಲ ತಾನೇ? ಈಗಲೇ ಎದ್ದು ನೋಡಿ, ಒಳಗೆ ಚಹಾ ಇದ್ದರೆ ಮಾತ್ರ ಬೇಡ. ನಾನು ಹತ್ತೊಂಬತ್ತು ವರ್ಷ ಜಿದ್ದಾದಲ್ಲಿ ಕಪ್ಪುಗಳ ಬುಡ ನೋಡಿಯೇ ಸಂಬಳ ತೆಗೆದುಕೊಂಡವಳು.

ಈಗ ತಂಗಿಯ ಮೊಮ್ಮಗಳು ಅಲ್ಲಿಯದೇ ಒಂದು ಪಿಂಗಾಣಿ ಅಂಗಡಿಗೆ ಸೇರಿದ್ದಾಳೆ. ಅವಳ ಕೆಲಸಕ್ಕೆ ಕ್ವಾಲಿಟಿ ಕಂಟ್ರೋಲ್ ಎಂಬ ಉದ್ದ ಹೆಸರುಂಟು. "ಅಜ್ಜಿ, ನಿಮ್ಮ ಕಾಲದಲ್ಲಿ ಹೇಗಿತ್ತು, ಬರ್ದು ಕಳ್ಸಿ" ಎಂದಳು. ಫೋನಿನಲ್ಲಿ ಕನ್ನಡ ಒತ್ತಲು ಕಲಿತು ನನಗೆ ಎರಡು ತಿಂಗಳಾಯಿತು, ಅದೂ ಒಂದೇ ಬೆರಳಿನಲ್ಲಿ. ಸಿಟ್ಟು ಬಂದಾಗ ಜೋರಾಗಿ ಒತ್ತುತ್ತೇನೆ, ಆದರೆ ಈ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ, ಅಕ್ಷರ ಅಷ್ಟೇ ಸಣ್ಣದಾಗಿ ಬೀಳುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರುವುದನ್ನೆಲ್ಲ ಜೋರಾಗಿ ಓದಿಕೊಳ್ಳಿ.

ನಮ್ಮದು ಭಟ್ಕಳದ ಸಾಹೇಬರೊಬ್ಬರ ಪಾತ್ರೆ-ಪಿಂಗಾಣಿಯ ವ್ಯಾಪಾರ, ಅಲ್ಲಿಯ ಕಾನೂನಿಗೆ ಬೇಕೆಂದು ಕಾಗದದಲ್ಲಿ ಮಾತ್ರ ಒಬ್ಬ ಸೌದಿ ಕಫೀಲನ ಹೆಸರು. ಮುಂದೆ ಕಣ್ಣು ಕುಕ್ಕುವ ಅಂಗಡಿ, ಊರ ಹೊರಗೆ ಗೋದಾಮು. ಗೋದಾಮಿನ ಒಂದು ಮೂಲೆಗೆ ಹಲಗೆ ಹೊಡೆದು, ಬೇರೆ ಬಾಗಿಲು ಇಟ್ಟು ಮಾಡಿದ್ದೇ ಹೆಂಗಸರ ವಿಭಾಗ. ಅಲ್ಲಿ ನಾವು ಐದು ಜನ. ಚೀನಾದಿಂದ ಬಂದ ಸಾಮಾನನ್ನು ಒಂದೊಂದಾಗಿ ನೋಡಿ, ಒಳ್ಳೆಯದನ್ನು ಸೆಟ್ ಮಾಡಿ ಪೆಟ್ಟಿಗೆಗೆ ಹಾಕುವುದು, ಕೆಟ್ಟದ್ದನ್ನು ಆಚೆ ಇಡುವುದು. ಹೆಚ್ಚಿನ ಸಾಮಾನು ಫಿಂಜಾನ್. ಅರಬರು ಖಹ್ವಾ ಎಂಬ ತಮ್ಮ ಕಾಫಿ ಕುಡಿಯುವ, ಹಿಡಿ ಇಲ್ಲದ ಪುಟ್ಟ ಕಪ್ಪು ಅದು. ಅದಕ್ಕೆ ಖಹ್ವಾವನ್ನು ತುಂಬ ಹೊಯ್ಯಬಾರದು, ತಳದಲ್ಲಿ ಸ್ವಲ್ಪವೇ ಹೊಯ್ಯಬೇಕು. ತುಂಬಿಸಿ ಕೊಟ್ಟರೆ 'ಬೇಗ ಕುಡಿದು ಹೋಗು' ಎಂದ ಹಾಗೆ. ಬಂದವರಿಗೆ ಸಾಕೆನಿಸಿದರೆ ಕಪ್ಪನ್ನು ಆಚೀಚೆ ಅಲ್ಲಾಡಿಸುತ್ತಾರೆ, ಇಲ್ಲದಿದ್ದರೆ ಮನೆಯವರು ಹೊಯ್ಯುತ್ತಲೇ ಇರುತ್ತಾರೆ. ನಮ್ಮವರು, ಎಂದರೆ ನನ್ನ ಯಜಮಾನರು, ಜಿದ್ದಾಕ್ಕೆ ಬಂದ ಹೊಸತರಲ್ಲಿ ಇದು ಗೊತ್ತಿಲ್ಲದೆ ಮರ್ಯಾದೆಗೆ ಕಟ್ಟುಬಿದ್ದು ಹನ್ನೊಂದು ಸಲ ಕುಡಿದು, ರಾತ್ರಿಯಿಡೀ ನಿದ್ದೆಯಿಲ್ಲದೆ ಮನೆಯ ಮಾಡು ನೋಡುತ್ತಾ ಮಲಗಿದ್ದರು.

ಕೆಲಸ ಹೀಗೆ. ಕಪ್ಪನ್ನು ಎಡ ಅಂಗೈಯಲ್ಲಿ ಕೂರಿಸಬೇಕು. ಬಿಗಿಯಾಗಿ ಹಿಡಿಯಬಾರದು. ಬಲಗೈಯ ಉಗುರಿನಿಂದ ಅಂಚಿಗೆ ಮೆಲ್ಲಗೆ ತಟ್ಟಬೇಕು. ಸರಿ ಇದ್ದರೆ ಸ್ವರ ಎಳೆಯುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕು ಇದ್ದರೂ ಸ್ವರ ಒಣಕಡ್ಡಿ ಮುರಿದ ಹಾಗೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಅಂಚಿನ ಸುತ್ತ ಬೆರಳು ಓಡಿಸಬೇಕು, ಕೊನೆಗೆ ತಿರುಗಿಸಿ ಬುಡ ನೋಡಬೇಕು. ಇಷ್ಟೇ. ಇದನ್ನು ದಿನಕ್ಕೆ ಸಾವಿರ ಸಲ ಮಾಡಿದರೆ, ಸಂಜೆ ಮನೆಯಲ್ಲಿ ಗಂಡನ ಬೋಳು ತಲೆ ಕಂಡರೂ ತಟ್ಟಿ ನೋಡುವ ಮನಸ್ಸಾಗುತ್ತದೆ.

ನಾನು ತಪ್ಪೇ ಮಾಡದವಳು ಎಂದುಕೊಳ್ಳಬೇಡಿ. ಸೇರಿದ ಎರಡನೇ ವರ್ಷ ಹಸಿರು ಬಣ್ಣದ ಹೂದಾನಿಗಳ ನಲವತ್ತು ಪೆಟ್ಟಿಗೆ ಬಂತು. ಬಿಚ್ಚಿ ನೋಡಿದರೆ ಮೈತುಂಬ ಬಿರುಕು, ಒಣಗಿದ ಕೆರೆಯ ಹಾಗೆ. ನನಗೆ ಚೀನಾದವರ ಮೇಲೆ ಎಲ್ಲಿಲ್ಲದ ಸಿಟ್ಟು. ನಲವತ್ತೂ ಪೆಟ್ಟಿಗೆಗೆ ಕೆಂಪು ಪೆನ್ಸಿಲಿನಲ್ಲಿ ದೊಡ್ಡ ಅಡ್ಡಗೀಟು ಎಳೆದು ಹೊರಗೆ ಹಾಕಿಸಿದೆ. ಸಾಹೇಬರು ಬಂದು ನೋಡಿ ತಲೆಗೆ ಕೈ ಕೊಟ್ಟರು.

"ಆಯಿಶಮ್ಮ, ಇದು ಒಡೆದದ್ದಲ್ಲ. ಹಾಗೆ ಬಿರುಕು ಬಿಡ್ಲಿ ಅಂತಲೇ ಸುಟ್ಟದ್ದು. ಅದಕ್ಕೇ ರೇಟು ಜಾಸ್ತಿ."

"ಹಾಗಾದ್ರೆ ನನ್ನ ಮನೆಯಲ್ಲಿ ಬಿರುಕು ಬಿಟ್ಟ ಎರಡು ಬಸಿ ಉಂಟು ಸಾಹೇಬ್ರೆ, ಅದಕ್ಕೂ ಜಾಸ್ತಿ ರೇಟು ಸಿಗ್ಬಹುದಾ?" ಎಂದೆ. ಅವರು ನಕ್ಕರು. ಅವರ ಕೆಳಗೆ ಅಷ್ಟು ವರ್ಷ ಕೆಲಸ ಮಾಡಿದ್ದಕ್ಕೆ ಆ ನಗುವೂ ಒಂದು ಕಾರಣ.

ಆ ನಗು ನಿಂತದ್ದು ರಫೀಕ್ ಮ್ಯಾನೇಜರ್ ಬಂದ ಮೇಲೆ. ಅದು ಎರಡು ಸಾವಿರದ ಹದಿಮೂರರ ಸುಮಾರು. ನಮ್ಮ ಮಂಗಳೂರು ಕಡೆಯವನೇ. ಇಸ್ತ್ರಿ ಮುರಿಯದ ಅಂಗಿ, ಕಿವಿಗೆ ಸಿಕ್ಕಿಸಿದ ಫೋನು, ಬಾಯಲ್ಲಿ ಸದಾ ಯಲ್ಲಾ ಯಲ್ಲಾ, ಬೇಗ ಬೇಗ. ಮೊದಲು ನಾವೇ ಪೆಟ್ಟಿಗೆ ಬಿಚ್ಚುತ್ತಿದ್ದೆವು. ಅವನು ಬಂದು ಅದನ್ನು ನಿಲ್ಲಿಸಿದ. ಹೊರಗಿನ ಶೆಡ್ಡಿನಲ್ಲಿ ಗಂಡಸರು ಬಿಚ್ಚಿ, ಯಂತ್ರದಿಂದ ಪೆಟ್ಟಿಗೆಯ ಮೇಲಿನ ಗೆರೆಪಟ್ಟಿಗೆ ಕೆಂಪು ಬೆಳಕು ಬಿಟ್ಟು ಲೆಕ್ಕ ತೆಗೆದು, ಕಪ್ಪುಗಳನ್ನು ಪ್ಲಾಸ್ಟಿಕ್ ತಟ್ಟೆಗಳಲ್ಲಿ ಜೋಡಿಸಿ ನಮ್ಮ ಕಿಂಡಿಯಿಂದ ಒಳಗೆ ತಳ್ಳುವುದು ಎಂದಾಯಿತು. ಕೆಲಸ ಬೇಗ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅಂದಿನಿಂದ ಯಾವ ಕಪ್ಪು ಯಾವ ಪೆಟ್ಟಿಗೆಯಿಂದ ಹೇಗೆ ಬಂತು ಎಂಬುದು ನಮಗೆ ಕಾಣದೆ ಹೋಯಿತು. ಹೊಸದಾಗಿ ಸೇರುವವರೇ, ಇದನ್ನು ನೆನಪಿಡಿ. ನಿಮ್ಮ ಕೈಗೆ ಬರುವ ಮೊದಲು ಸಾಮಾನು ಎಲ್ಲೆಲ್ಲಿ ಇತ್ತು ಎಂದು ನೋಡುವ ಹಕ್ಕನ್ನು ಯಾರಿಗೂ ಬಿಟ್ಟುಕೊಡಬೇಡಿ.

ಅವನು ಬಂದು ವರ್ಷ ಕಳೆಯುವುದರೊಳಗೆ ಒಡಕು ಹೆಚ್ಚಾಯಿತು. ಅಂಚು ಹಾರಿದ ಫಿಂಜಾನ್, ಸ್ವರ ಸತ್ತ ಫಿಂಜಾನ್. ತಟ್ಟೆಗಳು ಬರುವ ರಭಸಕ್ಕೆ ಕೆಲವು ನಮ್ಮ ಬೆರಳು ತಪ್ಪಿಸಿ ಅಂಗಡಿಗೂ ಹೋದವು. ಒಂದು ದಿನ ಒಬ್ಬ ಸೌದಿ ಹೆಂಗಸು ಸೆಟ್ಟನ್ನು ಚಾಲಕನ ಕೈಯಲ್ಲಿ ಹೊರಿಸಿಕೊಂಡು ನೇರ ಗೋದಾಮಿಗೇ ಬಂದಳು. ಮಗಳ ನಿಶ್ಚಯಕ್ಕೆ ಕೊಂಡ ಫಿಂಜಾನ್. ಬೀಗಿತ್ತಿಯ ತುಟಿ ಕುಯ್ದು ರಕ್ತ ಬಂದಿತ್ತು. ಆಕೆ ಅರಬಿಯಲ್ಲಿ ಹೇಳಿದ್ದರಲ್ಲಿ ಅರ್ಧ ನನಗೆ ಅರ್ಥವಾಯಿತು, ಉಳಿದರ್ಧ ಅರ್ಥವಾಗದ್ದೇ ಒಳ್ಳೆಯದಾಯಿತು.

ಮಾರನೇ ದಿನ ರಫೀಕ್ ನಮ್ಮ ಬಾಗಿಲಿಗೆ ಒಂದು ಕಾಗದ ಅಂಟಿಸಿದ. ಕೆಳಗೆ ಬಾಲ ಸುತ್ತಿದ ಅವನ ಸಹಿ. 'ಹೆಂಗಸರ ಬಳೆ ಮತ್ತು ಉಂಗುರ ತಾಗಿ ಕಪ್ಪುಗಳು ಒಡೆಯುತ್ತಿವೆ. ಇಂದಿನಿಂದ ಒಳಗೆ ಬರುವಾಗ ಬಳೆ ತೆಗೆಯತಕ್ಕದ್ದು.' ಬಾಗಿಲಲ್ಲಿ ಒಂದು ಸ್ಟೀಲ್ ಬಟ್ಟಲನ್ನೂ ಇಡಿಸಿದ್ದ, ಬಳೆ ಹಾಕಲು.

"ಹದಿನೈದು ವರ್ಷ ಇದೇ ಬಳೆ ಇತ್ತಲ್ಲ ಮಾರಾಯ, ಆಗ ಯಾಕೆ ಒಡೀಲಿಲ್ಲ?" ಎಂದು ಕೇಳಿದೆ.

"ಮಾಮಿ, ಆಗ ಲೆಕ್ಕ ಇಡುವವರು ಇರ್ಲಿಲ್ಲ" ಎಂದ.

ಬೆಳಿಗ್ಗೆ ಎಂಟಕ್ಕೆ ಹೆಂಗಸರು ಸಾಲಾಗಿ ನಿಂತು ಬಳೆ ತೆಗೆದು ಬಟ್ಟಲಿಗೆ ಹಾಕುವುದು. ಅದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಕಳ್ಳರ ಹಾಗೆ ನಿಂತೆವು. ನಾನೂ ತೆಗೆದೆ. ಬೈಯುತ್ತಾ ತೆಗೆದೆ, ಆದರೆ ತೆಗೆದೆ.

ತೆಗೆಯದವಳು ನೆಬೀಸಾ ಒಬ್ಬಳೇ. ಕಾಪು ಕಡೆಯ ಹುಡುಗಿ. ಹುಡುಗಿ ಎನ್ನುತ್ತೇನೆ, ಅವಳಿಗಾಗಲೇ ಮೂವತ್ತೆಂಟು. ಗಂಡ ಜಿದ್ದಾದಲ್ಲೇ ತೀರಿಹೋದ ಮೇಲೆ ಸಾಹೇಬರೇ ಅವಳನ್ನು ಕೆಲಸದ ಇಕಾಮಾಕ್ಕೆ ಹಾಕಿಸಿಕೊಂಡಿದ್ದರು. ಅಲ್ಲಿ ಇರಲಿಕ್ಕೆ ಬೇಕಾದ ಪರವಾನಗಿ ಅದು. ಮಗಳು ಅಲ್ಲಿನ ಇಂಡಿಯನ್ ಶಾಲೆಯಲ್ಲಿ ಹತ್ತನೇ ಕ್ಲಾಸು. ನೆಬೀಸಾಳ ಬಲಗೈಯಲ್ಲಿ ಅವಳ ಉಮ್ಮ, ಎಂದರೆ ತಾಯಿ, ಹಾಕಿದ ಒಂದು ತೆಳು ಚಿನ್ನದ ಬಳೆ. ಮದುವೆಗೆ ಮೊದಲು ಏರಿಸಿದ್ದು, ಕೈ ತುಂಬಿಕೊಂಡ ಮೇಲೆ ಇಳಿಯುವುದೇ ಇಲ್ಲ. ಸಾಬೂನು ಹಚ್ಚಿ ನೋಡಿದೆವು, ಎಣ್ಣೆ ಹಚ್ಚಿ ನೋಡಿದೆವು. ರಫೀಕ್ ಶೆಡ್ಡಿನಿಂದ ತಂತಿ ಕತ್ತರಿಸುವ ಇಕ್ಕಳ ತಂದು ಕಿಂಡಿಯಲ್ಲಿಟ್ಟ.

"ಕಟ್ ಮಾಡಿ. ಮತ್ತೆ ಬೆಸುಗೆ ಹಾಕಿಸಿದ್ರಾಯ್ತು."

"ಇದು ನನ್ನ ಉಮ್ಮ ಹಾಕಿದ್ದು. ಅವರು ಈಗ ಇಲ್ಲ" ಎಂದಳು ನೆಬೀಸಾ. "ನಾನು ಒಡೀಲಿಲ್ಲ ರಫೀಕ್ ಭಾಯ್. ತಟ್ಟೆಯಲ್ಲಿ ಬರುವಾಗಲೇ ಒಡ್ದಿರ್ತದೆ. ಪೆಟ್ಟಿಗೆ ಬಿಚ್ಚುವಲ್ಲಿಗೆ ಹೋಗಿ ನೋಡಿ."

ಅದಕ್ಕೆ ಸಿಕ್ಕಿದ ಉತ್ತರ ಒಂದು ಮೆಮೊ. ಎರಡನೆಯದೂ ಬಂತು. ಮೂರನೆಯದರಲ್ಲಿ ಖುರೂಜ್ ಎಂದು ಬರೆದಿತ್ತು. ಹಾಗೆಂದರೆ ಹೋದ ಮೇಲೆ ಮರಳದ ವೀಸಾ. ಒಂದು ತಿಂಗಳೊಳಗೆ ಹೇಳಿದ ಹಾಗೆ ಕೇಳದಿದ್ದರೆ ಊರಿಗೆ. ಮಗಳ ಪರೀಕ್ಷೆಗೆ ಉಳಿದಿದ್ದದ್ದು ಎರಡೇ ತಿಂಗಳು. ತಾಯಿಯ ಇಕಾಮಾ ಹೋದರೆ ಮಗಳದ್ದೂ ಹೋಗುತ್ತದೆ, ಪರೀಕ್ಷೆಯೂ ಹೋಗುತ್ತದೆ.

ನಾನು ಸಾಹೇಬರ ಕೋಣೆಗೆ ನುಗ್ಗಿದೆ. "ಒಡೆಯುವುದು ನಮ್ಮ ಕೈಯಲ್ಲಲ್ಲ ಸಾಹೇಬ್ರೆ, ಚೀನಾದಲ್ಲಿ. ಅಲ್ಲಿ ಕಟ್ಟುವವರಿಗೆ ಕೈಯೇ ಸರಿ ಇಲ್ಲ. ಈ ಸಲ ನೀವು ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗಿ. ನಾನು ತಟ್ಟಿ ನೋಡಿ ಹೇಳ್ತೇನೆ." ರಫೀಕ್ ಅಲ್ಲೇ ಇದ್ದ. "ಮಾಮಿಗೆ ಚೀನಾ ನೋಡುವ ಆಸೆ" ಎಂದು ನಕ್ಕ. ಸಾಹೇಬರ ಜೊತೆ ಅವರ ಬೀವಿಯೂ ಆ ಸಲ ಹೊರಟಿದ್ದರು, ಅವರಿಗೂ ಒಂದು ಹೆಣ್ಣು ಜೊತೆ ಬೇಕಿತ್ತು. ಅದರಿಂದ ನನಗೆ ದಾರಿಯಾಯಿತು. ನಮ್ಮವರು ನನ್ನನ್ನು ಬೀಳ್ಕೊಡುವಾಗ ಹೇಳಿದ್ದು ಇಷ್ಟೇ: "ಅಲ್ಲಿಯವರಿಗೆ ಬೈಲಿಕ್ಕೆ ಹೋಗ್ಬೇಡ. ಪಾಪ, ಅವರಿಗೆ ಅರ್ಥ ಆಗುದಿಲ್ಲ, ನಿಂಗೇ ಬೇಜಾರಾದೀತು."

ಹೋಗುವ ಮುಂಚೆ ನೆಬೀಸಾಳಿಗೆ, "ನಾನು ಬರುವವರೆಗೆ ಬಳೆ ಮುಟ್ಟಲಿಕ್ಕೆ ಬಿಡಬೇಡ" ಎಂದು ಹೇಳಿ ಹೊರಟೆ.

ಜಿಂಗ್‌ದೆಜೆನ್ ಎಂಬ ಆ ಊರು ಸಾವಿರ ವರ್ಷದಿಂದ ಪಿಂಗಾಣಿಯೊಂದನ್ನೇ ಮಾಡುತ್ತಾ ಬಂದಿದೆಯಂತೆ. ಬೀದಿಯ ದೀಪದ ಕಂಬಗಳೂ ಪಿಂಗಾಣಿ, ಬಿಳಿಯ ಮೇಲೆ ನೀಲಿ ಹೂವು. ಹೊಳೆಯ ದಂಡೆಯಲ್ಲಿ ಕಾಲಿಟ್ಟಲ್ಲೆಲ್ಲ ಹಳೆಯ ಚೂರುಗಳು. ಚಳಿ ಎಂದರೆ, ನನ್ನ ಹಲ್ಲುಗಳೇ ಫಿಂಜಾನ್ ಸೆಟ್ಟಿನ ಹಾಗೆ ಸದ್ದು ಮಾಡುತ್ತಿದ್ದವು. ನಮಗೆ ಮಾತು ದಾಟಿಸಲು ಸಿಕ್ಕಿದವಳು ಮರಿಯಂ ಎಂಬ ಚೀನಾದ ಮುಸ್ಲಿಂ ಹುಡುಗಿ. ಅರಬಿ ಓದಿದವಳು. ಅವಳದು ಪುಸ್ತಕದ ಅರಬಿ, ನನ್ನದು ಗೋದಾಮಿನ ಅರಬಿ. ಮೊದಲ ದಿನ ನನ್ನ ಕೆಲವು ಶಬ್ದ ಕೇಳಿ ಅವಳು ಕೆಂಪಾದಳು. ಗಂಡಸರ ಶೆಡ್ಡಿನಿಂದ ಕಲಿತದ್ದು, ನಾನೇನು ಮಾಡಲಿ.

ಒಬ್ಬ ಮುದುಕ ತಿರುಗುವ ಚಕ್ರದ ಮೇಲಿನ ಮಣ್ಣಿಗೆ ಎರಡು ಹೆಬ್ಬೆರಳು ಇಳಿಸಿದ. ಒಂದು ನಿಮಿಷದಲ್ಲಿ ಬಟ್ಟಲು ಎದ್ದು ನಿಂತಿತು. ಒಂದು ಬಟ್ಟಲು ಮುಗಿಯಬೇಕಾದರೆ ಹದಿನೈದು ಇಪ್ಪತ್ತು ಜನರ ಕೈ ದಾಟಬೇಕಂತೆ. ತಿರುಗಿಸುವವ ಬೇರೆ, ಹೆರೆಯುವವ ಬೇರೆ, ಗೆರೆ ಎಳೆಯುವವಳು ಬೇರೆ, ಗೆರೆಯೊಳಗೆ ಬಣ್ಣ ತುಂಬುವವಳು ಬೇರೆ. ಬೆಂದ ಬಟ್ಟಲುಗಳನ್ನು ಒಬ್ಬಳು ತಟ್ಟಿ ನೋಡುತ್ತಿದ್ದಳು. ನನ್ನ ಹಾಗೆಯೇ, ಎಡ ಅಂಗೈ, ಬಲಗೈ ಉಗುರು. ನಾನು ಪಕ್ಕದಲ್ಲಿ ಕುಳಿತು ಒಂದನ್ನು ತಟ್ಟಿ ಆಚೆ ಇಟ್ಟೆ. ಅವಳು ಅದನ್ನೇ ತೆಗೆದು ತಟ್ಟಿ, ನನ್ನ ಮುಖ ನೋಡಿ, ಒಡಕಿನ ಬುಟ್ಟಿಗೆ ಹಾಕಿದಳು. ಸಾಹೇಬರ ಬೀವಿ ಬಂದು ಎಬ್ಬಿಸುವವರೆಗೆ ನಾವಿಬ್ಬರೂ ಒಂದು ಮಾತಿಲ್ಲದೆ ಕೆಲಸ ಮಾಡಿದೆವು.

ನನ್ನ ದೊಡ್ಡ ತಪ್ಪು ಆದದ್ದು ಮಾರನೇ ದಿನ, ನಮ್ಮ ಫಿಂಜಾನ್ ಕಟ್ಟುವ ಕೋಣೆಯಲ್ಲಿ. ಏಳೆಂಟು ಹೆಂಗಸರು ಕೆಳಗೆ ಕುಳಿತು ಪೆಟ್ಟಿಗೆ ತುಂಬುತ್ತಿದ್ದರು. ಎಲ್ಲರ ಕೈಗೂ ದಪ್ಪ ಬಟ್ಟೆಯ ಕೈಗವಸು. ಇಂಥ ಕೈಗವಸು ಹಾಕಿಕೊಂಡು ಇಷ್ಟು ತೆಳು ಕಪ್ಪು ಹಿಡಿದರೆ ಒಡೆಯದೆ ಇರುತ್ತದೆಯೇ ಎಂದು ನನ್ನ ತಲೆಗೇರಿತು. ನೆಬೀಸಾಳ ಮುಖ ಕಣ್ಣ ಮುಂದೆ. ಅವರಲ್ಲಿ ಹಿರಿಯಳೊಬ್ಬಳ ಎದುರು ನಿಂತು, ಬಾಯಿಗೆ ಬಂದದ್ದನ್ನೆಲ್ಲ ಮರಿಯಂಗೆ ಹೇಳಿದೆ. "ಕೇಳು ಇವಳನ್ನು. ಇವರ ಕೈಗೆ ಎಂತ ರೋಗ? ಇವರು ಒಡ್ದು ಕಳಿಸ್ತಾರೆ, ಅಲ್ಲಿ ನಮ್ಮ ಹುಡುಗಿಯ ಅನ್ನ ಹೋಗ್ತದೆ."

ಮರಿಯಂ ಎಷ್ಟು ದಾಟಿಸಿದಳೋ ಗೊತ್ತಿಲ್ಲ. ಆ ಹೆಂಗಸು ಎದ್ದು ನಿಂತಳು. ನನ್ನ ಭುಜದಷ್ಟೇ ಎತ್ತರ. ಕೈಗವಸು ಕಿತ್ತು ನೆಲಕ್ಕೆಸೆದು ಎರಡೂ ಕೈ ನನ್ನ ಮುಖದ ಹತ್ತಿರ ಹಿಡಿದಳು. ಮಾತು ಮಳೆ ಸುರಿದ ಹಾಗೆ ಬಂತು. ಮರಿಯಂ ತಡವರಿಸುತ್ತಾ ಹೇಳಿದಳು: "ಇವರು ಹೇಳುತ್ತಾರೆ, ಮೂವತ್ತು ವರ್ಷ ಬರಿಗೈಯಲ್ಲಿ ಕಟ್ಟಿದ್ದೇನೆ. ಜಿದ್ದಾದಿಂದ ನೀವೇ ಬರೆದಿರಿ, ಕಟ್ಟುವವರ ಕೈ ಒರಟು, ಅವರಿಂದ ಒಡೆಯುತ್ತಿದೆ ಎಂದು. ಅದಕ್ಕೇ ಈ ಕೈಗವಸು. ಇಬ್ಬರನ್ನು ಕೆಲಸದಿಂದಲೂ ತೆಗೆದರು."

"ನಾವೆಲ್ಲಿ ಬರೆದೆವು?" ಎಂದೆ.

ಅವಳು ನನ್ನ ತೋಳು ಹಿಡಿದು ಗೋಡೆಯ ಹತ್ತಿರ ಎಳೆದೊಯ್ದಳು. ಅಲ್ಲಿ ಒಂದು ಕಾಗದ ಅಂಟಿಸಿತ್ತು. ಪಕ್ಕಪಕ್ಕದಲ್ಲಿ ಎರಡು ಪೆಟ್ಟಿಗೆಯ ಚಿತ್ರ. ಎಡಗಡೆಯದರಲ್ಲಿ ಒಂದೊಂದು ಫಿಂಜಾನಿನ ನಡುವೆ ರಟ್ಟಿನ ಗೂಡು, ಸುತ್ತ ಮೆತ್ತೆ, ಆರು ಸೆಟ್. ಅದರ ಮೇಲೆ ಅಡ್ಡಗೀಟು. ಬಲಗಡೆಯದರಲ್ಲಿ ಗೂಡಿಲ್ಲ, ಮೆತ್ತೆಯಿಲ್ಲ, ಒಂದು ಹಾಳೆ ಕಾಗದದೊಳಗೆ ಒಂದರ ಮೇಲೊಂದು, ಒಂಬತ್ತು ಸೆಟ್. ಕೆಳಗೆ ಇಂಗ್ಲಿಷಿನಲ್ಲಿ 'ಇನ್ನು ಮುಂದೆ ಹೀಗೆಯೇ ಕಟ್ಟತಕ್ಕದ್ದು'. ಅದರ ಕೆಳಗೆ ಬಾಲ ಸುತ್ತಿದ ಸಹಿ.

ಆ ಸಹಿ ನನಗೆ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಬಳೆ ತೆಗೆದವಳಲ್ಲವೇ ನಾನು.

ಆ ಹೆಂಗಸು ಅಷ್ಟಕ್ಕೇ ಬಿಡಲಿಲ್ಲ. ಹಳೆಯ ರೀತಿಯಲ್ಲಿ ಒಂದು ಪೆಟ್ಟಿಗೆ ಕಟ್ಟಿ, ಮೇಜಿನ ಮೇಲಿಟ್ಟು, ಕಾಲಿನಿಂದ ಒದ್ದಳು. ಬಿದ್ದ ಪೆಟ್ಟಿಗೆಯನ್ನು ಬಿಚ್ಚಿ ಒಂದೊಂದೇ ಫಿಂಜಾನ್ ತಟ್ಟಿದೆ. ಎಲ್ಲವೂ ಹಾಡಿದವು. ಹೊಸ ರೀತಿಯದನ್ನು ಒದೆಯುವ ಅಗತ್ಯವೇ ಬೀಳಲಿಲ್ಲ, ಎತ್ತಿ ತುಸು ಜೋರಾಗಿ ಇಟ್ಟಾಗಲೇ ಒಳಗಿನಿಂದ ಸದ್ದು ಬಂತು. ನಾನು ಅವಳ ಬರಿಗೈ ಹಿಡಿದುಕೊಂಡು, "ತಪ್ಪಾಯ್ತು ಅಂತ ಹೇಳು, ಸರಿಯಾಗಿ ಹೇಳು" ಎಂದು ಮರಿಯಂಗೆ ಹೇಳಿದೆ. ಅವಳು ನಕ್ಕು, ಮೂಲೆಯಿಂದ ಒಂದು ಹಿಡಿ ಬೈಹುಲ್ಲು ತಂದಳು. ಹಿಂದೆ ಆ ಊರಿನಲ್ಲಿ ಪಿಂಗಾಣಿ ಕಟ್ಟುತ್ತಿದ್ದದ್ದೇ ಬೈಹುಲ್ಲಿನಲ್ಲಂತೆ. ಹತ್ತು ಬಟ್ಟಲು ಸೇರಿಸಿ, ಹುಲ್ಲು ಹೊಸೆದು, ಮೊಣಕಾಲಿನಿಂದ ಒತ್ತಿ ಬಿಗಿದಳು. ನಮ್ಮ ಊರಲ್ಲಿ ಹುಲ್ಲಿನಲ್ಲಿ ಅಕ್ಕಿ ತುಂಬಿ ಮುಡಿ ಕಟ್ಟುವವರ ಹಾಗೆಯೇ, ಅದೇ ಮೊಣಕಾಲು, ಅದೇ ಹೊಸೆತ. ಆ ಕಟ್ಟನ್ನು ಗೋಡೆಗೆ ಎಸೆದರೂ ಏನೂ ಆಗದೆಂದು ಎಸೆದೂ ತೋರಿಸಿದಳು. ಕೊನೆಗೆ ಗೋಡೆಯ ಕಾಗದವನ್ನು ಮೆಲ್ಲಗೆ ಬಿಡಿಸಿ, ಮಡಚಿ, ನನ್ನ ಕೈಯಲ್ಲಿಟ್ಟಳು. ಅದರಿಂದ ಅವಳಿಗೆ ಏನಾದರೂ ತೊಂದರೆಯಾಯಿತೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಜಿದ್ದಾಕ್ಕೆ ಬಂದ ಮಾರನೇ ಬೆಳಿಗ್ಗೆ ಹೆಂಗಸರ ಬಾಗಿಲಿಗೆ ಹೋಗದೆ ನೇರ ಸಾಹೇಬರ ಕೋಣೆಗೆ ಹೋದೆ. ರಫೀಕನ ಎದುರೇ ತೋರಿಸಬೇಕೆಂದು ಚೀನಾದಲ್ಲಿ ಸಾಹೇಬರಿಗೂ ಹೇಳದೆ ಇಟ್ಟುಕೊಂಡಿದ್ದ ಕಾಗದವನ್ನು ಮೇಜಿನ ಮೇಲಿಟ್ಟೆ. ಸಾಹೇಬರು ರಫೀಕನನ್ನು ಕರೆಸಿದರು. ಅವನು ಕಾಗದ ನೋಡಿದ. ಬೆವರಲಿಲ್ಲ, ತಡವರಿಸಲಿಲ್ಲ.

"ಹೌದು, ನಾನೇ ಬರ್ದದ್ದು. ಕಂಟೇನರಲ್ಲಿ ಜಾಗ ಉಳೀತದೆ. ಸ್ವಲ್ಪ ಒಡೀತದೆ, ಅದು ಗೊತ್ತಿದ್ದದ್ದೇ."

"ಗೊತ್ತಿದ್ದದ್ದೇ ಆದ್ರೆ ನಮ್ಮ ಬಳೆ ಯಾಕೆ ತೆಗೆಸಿದ್ದು?"

"ಗಿರಾಕಿಗಳು ಕೇಳ್ತಾರೆ, ಕಫೀಲ್ ಕೇಳ್ತಾನೆ. ಏನಾದ್ರೂ ಒಂದು ಕ್ರಮ ತಕ್ಕೊಂಡದ್ದು ಕಾಣ್ಬೇಕಲ್ಲ ಮಾಮಿ."

ಕ್ರಮ! ಹೆಂಗಸರ ಕೈ ಬರಿದು ಮಾಡಿದ್ದು ಕ್ರಮ. ಚೀನಾದಲ್ಲಿ ಇಬ್ಬರ ಅನ್ನ ಕಿತ್ತದ್ದು ಕ್ರಮ. ಆ ಕಡೆಯವರಿಗೆ ಈ ಕಡೆಯವರನ್ನು ತೋರಿಸಿ, ಈ ಕಡೆಯವರಿಗೆ ಆ ಕಡೆಯವರನ್ನು ತೋರಿಸಿ, ನಡುವೆ ತಾನು ಇಸ್ತ್ರಿ ಅಂಗಿಯಲ್ಲಿ ನಿಂತವನಿಗೆ ಮಾತ್ರ ಯಾವ ಮೆಮೊವೂ ಇಲ್ಲ. ನಾನು ಸಾಹೇಬರ ಮುಖ ನೋಡಿದೆ. ಅವರು ಕನ್ನಡಕ ಒರೆಸುತ್ತಿದ್ದರು.

"ರಟ್ಟಿನ ಗೂಡು ಮತ್ತೆ ಹಾಕಿಸ್ತೇನೆ ಆಯಿಶಮ್ಮ. ಖುರೂಜ್ ಮಾತು ಬಿಟ್ಟುಬಿಡುವಾ. ಆದ್ರೆ ಈ ಕಾಗದದ ವಿಷಯ ಹೊರಗೆ ಬೇಡ. ಮ್ಯಾನೇಜರ್ ಅಂದ ಮೇಲೆ ಮರ್ಯಾದೆ ಉಂಟಲ್ಲ."

"ಮರ್ಯಾದೆ ಅವನಿಗೆ ಮಾತ್ರವಾ ಇರುವುದು? ಅವನು ನಮ್ಮ ಬಾಗಿಲಿಗೆ ಬಂದು ಆ ಬಳೆಯ ಕಾಗದ ತಾನೇ ಹರಿದು, ತಪ್ಪಾಯ್ತು ಅಂತ ಹೇಳ್ಲಿ."

ಹೇಳಲಿಲ್ಲ. ಬಟ್ಟಲನ್ನು ಆ ದಿನವೇ ಯಾರೋ ತೆಗೆದುಕೊಂಡು ಹೋದರು, ಅಷ್ಟೇ. ಕೆಲವು ತಿಂಗಳ ಮೇಲೆ ರಫೀಕ್ ದಮ್ಮಾಮ್ ಕಡೆಯ ಹೊಸ ಅಂಗಡಿಗೆ ಇನ್ನೂ ದೊಡ್ಡ ಮ್ಯಾನೇಜರ್ ಆಗಿ ಹೋದ. ನನಗೆ ಆ ಹತ್ತೊಂಬತ್ತು ವರ್ಷದಲ್ಲಿ ಬಡ್ತಿ ಎಂಬುದು ಸಿಗಲೇ ಇಲ್ಲ, ಆದ್ದರಿಂದ ಅವನದ್ದನ್ನಾದರೂ ಬರೆಯುತ್ತಿದ್ದೇನೆ.

ಅಂದು ಚೀನಾದ ಕಾಗದವನ್ನು ಮೇಜಿನಿಂದ ಎತ್ತಿಕೊಂಡು ಆ ಕೋಣೆಯಿಂದ ಹೊರಟವಳು ನಮ್ಮ ಬಾಗಿಲಿಗೆ ಹೋಗಿ ಅಂಟಿಸಿದ್ದ ಕಾಗದವನ್ನು ನಾನೇ ಕಿತ್ತು ಹರಿದು ಒಳಗೆ ಹೋದೆ. ಗೆದ್ದು ಬಂದವಳ ಹಾಗೆ ಕೂಗಿದೆ, "ನೆಬೀಸಾ, ನೀನು ಎಲ್ಲಿಗೂ ಹೋಗ್ಬೇಕಾಗಿಲ್ಲ!"

ಅವಳು ತಟ್ಟೆಯಿಂದ ತಲೆ ಎತ್ತಿದಳು. ಬಲಗೈ ಬರಿದಾಗಿತ್ತು. ಬಳೆ ಇದ್ದಲ್ಲಿ ಬಿಳಿ ಗೆರೆ, ಅದರ ಮೇಲೆ ಇಕ್ಕಳ ತರಚಿದ ಕಪ್ಪು ಗಾಯ. ನಾನು ಹೋದ ಐದನೇ ದಿನ ಅವಳೇ ಕೈ ಚಾಚಿದಳಂತೆ. ಮಗಳ ಪರೀಕ್ಷೆಯ ಚೀಟಿ ಬಂದಿತ್ತು.

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಅವಳ ಮೇಲೆಯೇ ಮಾಡಿದೆ. ಆ ಸಿಟ್ಟಿಗೆ ನನಗೆ ಈಗಲೂ ನಾಚಿಕೆಯಿದೆ. ಚೀನಾದ ಕಾಗದವನ್ನು ಅವಳ ಮುಂದೆ ಬಿಡಿಸಿ ಹಿಡಿದು ಕೂಗಿದೆ: "ಎರಡು ವಾರ ತಡೀಲಿಕ್ಕೆ ಆಗ್ಲಿಲ್ವಾ ನಿಂಗೆ? ನೋಡು, ಪೆಟ್ಟಿಗೆಯಲ್ಲೇ ಒಡೆಯುವುದು! ನಮ್ಮ ಕೈಯಲ್ಲಿ ಅಲ್ಲವೇ ಅಲ್ಲ! ಒಬ್ಬ ಹೆಂಗಸು ನನ್ನ ಕಣ್ಣೆದುರು ತೋರಿಸಿಕೊಟ್ಟಳು!"

ನೆಬೀಸಾ ಕೈಯಲ್ಲಿದ್ದ ಫಿಂಜಾನನ್ನು ತಟ್ಟಿ, ಕಿವಿಗೊಟ್ಟು, ಸರಿಯಾದವುಗಳ ಸಾಲಿನಲ್ಲಿಟ್ಟಳು. ಆಮೇಲೆ ಹೇಳಿದಳು:

"ನಾನು ಆರು ತಿಂಗಳಿಂದ ಹೇಳ್ತಿದ್ದದ್ದು ಇದನ್ನೇ ಅಲ್ವಾ ಮಾಮಿ. ನಿಮಗೂ ಚೀನಾದವಳೇ ಹೇಳ್ಬೇಕಾಯ್ತು."